ಮೂರು ವರ್ಷ ಇಲ್ಲಿಯವರಾಗಿದ್ದರೆ ಮಾತ್ರ

ಸ್ಟೆನ್‌ಸೇ ದ್ವೀಪದಿಂದ ಬಂದ ಕಾಗದವನ್ನು ಬೆರಿಲ್ ಬರ್ಕೆಟ್ ಬೆಳಿಗ್ಗೆ ಆರೂವರೆಗೇ ನೋಡಿದ್ದಳು. ಟಪಾಲು ವಿಂಗಡಿಸುವಾಗ ಅದು ಅವಳ ಕೈಗೇ ಬಂತು, ಮೇಲೆ ಅವಳದೇ ಹೆಸರು. ಆದರೂ ಒಡೆಯಲಿಲ್ಲ. ಕಟ್ಟಿನಲ್ಲಿ ಅದರ ಜಾಗಕ್ಕೇ, ಐದನೇ ನಂಬರಿನ ವಿದ್ಯುತ್ ಬಿಲ್ಲಿಗೂ ಏಳನೇ ನಂಬರಿನ ಬೀಜದ ಪಟ್ಟಿಗೂ ನಡುವೆ ಸೇರಿಸಿದಳು. ಗುಡ್ಡದ ಮೇಲಿನ ತೋಟದ ಮನೆಗಳನ್ನೆಲ್ಲ ಸುತ್ತಿ, ಹನ್ನೊಂದು ಮುಕ್ಕಾಲಿಗೆ ನಮ್ಮ ಬೀದಿಗೆ ಬಂದು, ತನ್ನ ಮನೆಯ ಬಾಗಿಲ ಕಿಂಡಿಯಲ್ಲಿ ಅದನ್ನು ತೂರಿಸಿ, ಏಳು ಮತ್ತು ಎಂಟನೇ ಮನೆಗಳಿಗೆ ಹೋದಳು. ಆಮೇಲೆ ವಾಪಸ್ ಬಂದು ಬೀಗ ತೆಗೆದು, ಕಾಲೊರಸಿನ ಮೇಲೆ ಬಿದ್ದಿದ್ದ ಕಾಗದವನ್ನು ಎತ್ತಿಕೊಂಡು ಓದಿದಳು.

ಅವಳದು ಆರನೇ ನಂಬರ್, ನಮ್ಮದು ಐದು. ನಡುವೆ ಒಂದೇ ಗೋಡೆ. ನಮಗೆ ಮೊದಲು ಕೇಳಿಸಿದ್ದು ಒಂದು ಕೂಗು, ಅದರ ಹಿಂದೆಯೇ ಕುಣಿತ. ಅರವತ್ತೆರಡು ವರ್ಷದ ಹೆಂಗಸು ಟಪಾಲಿನ ಬೂಟು ಹಾಕಿಕೊಂಡು ಮರದ ನೆಲದ ಮೇಲೆ ಕುಣಿದರೆ ಪಕ್ಕದ ಮನೆಯ ಟೀ ಕಪ್ಪುಗಳು ಅಲ್ಲಾಡುತ್ತವೆ. ನಾವು ಓಡಿ ಹೋದಾಗ ಬಾಗಿಲಲ್ಲೇ ಕಾಗದ ಬೀಸಿದಳು.

"ನನ್ನನ್ನೇ ಆರಿಸಿದಾರೆ! ಏಪ್ರಿಲ್ ಒಂದರಿಂದ ಸೆಪ್ಟೆಂಬರ್ ಕೊನೇವರೆಗೆ. ಇಡೀ ದ್ವೀಪಕ್ಕೆ ನಾನೊಬ್ಬಳೇ ಟಪಾಲಿನವಳು. ಇಪ್ಪತ್ತೆಂಟು ಜನ, ಎಂಟು ಸೀಟಿನ ವಿಮಾನ! ವಿಮಾನದಿಂದ ಚೀಲ ಇಳಿಸ್ಕೊಳ್ಳೋದೂ ನಾನೇ!"

ಇದರ ಬೆಲೆ ತಿಳಿಯಬೇಕಾದರೆ ಒಂದು ಅಂಕಿ ಸಾಕು. ಬೆರಿಲ್ ತನ್ನ ಜೀವನದಲ್ಲಿ ನಮ್ಮ ಹಳ್ಳಿ ಸ್ಕೆಲ್‌ಬೆಕ್ ಬಿಟ್ಟು ಹೊರಗೆ ಒಂದೇ ಸಲಕ್ಕೆ ಮಲಗಿದ್ದು ಹೆಚ್ಚೆಂದರೆ ಒಂಬತ್ತು ರಾತ್ರಿ, ಅದೂ ಅಪೆಂಡಿಕ್ಸ್ ತೆಗೆಸಿಕೊಂಡಾಗ ಆಸ್ಪತ್ರೆಯಲ್ಲಿ. ಹುಟ್ಟಿದ್ದು ಆರನೇ ನಂಬರಿನ ಮಹಡಿಯ ಹಿಂದಿನ ಕೋಣೆಯಲ್ಲಿ. ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ ಅವಳ ಅಪ್ಪನಿಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್ ಬಾಡಿಗೆಗೆ ಕೊಟ್ಟಿದ್ದ ಮನೆ ಅದು. ೧೯೮೯ರಲ್ಲಿ, ಬಾಡಿಗೆದಾರರು ತಮ್ಮ ಮನೆಯನ್ನು ತಾವೇ ಕೊಳ್ಳಬಹುದು ಎಂದಾದ ಮೇಲೆ, ಅವಳೂ ಅವಳ ತಾಯಿಯೂ ಸೇರಿ ಕೊಂಡರು. ತಾಯಿ ತೀರಿಕೊಂಡಳು. ಬೆರಿಲ್ ಮದುವೆಯಾಗಲಿಲ್ಲ. ಮೂವತ್ತನಾಲ್ಕು ವರ್ಷ ದಿನಕ್ಕೆ ನಲವತ್ತೊಂದು ಮನೆಗಳ ಸುತ್ತು ಹೊಡೆದಳು. ಮಾರ್ಚ್ ಹದಿನೈದಕ್ಕೆ ನಿವೃತ್ತಿ. ಆಮೇಲೆ ಒಂದು ಸಲವಾದರೂ ಸಮುದ್ರದ ನಡುವೆ ಇರಬೇಕೆಂಬುದು ಎಷ್ಟು ದಿನದಿಂದ ಅವಳ ಮನಸ್ಸಿನಲ್ಲಿತ್ತೋ, ಪಕ್ಕದ ಮನೆಯ ನಮಗೂ ಗೊತ್ತಿರಲಿಲ್ಲ.

ಅವಳು ನಿಯಮದ ಹೆಂಗಸು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ನಾಯಿ ಕಟ್ಟದ ಮನೆಗೆ ಟಪಾಲಿಲ್ಲ. ನಂಬರ್ ಕಾಣದ ಮನೆಗೂ ಇಲ್ಲ. ಎಲ್ಲರಿಗೂ ಮಾದರಿಯಾಗಲೆಂದು ತನ್ನ ಗೇಟಿನ ಬುಡದಲ್ಲಿ ಬಿಳಿ ಬಣ್ಣ ಬಳಿದ ಒಂದು ಕಲ್ಲು ನೆಟ್ಟು, ಅದರ ಮೇಲೆ ಕಪ್ಪಿನಲ್ಲಿ ದೊಡ್ಡದಾಗಿ ೬ ಎಂದು ಬರೆದಿದ್ದಳು. ಮೂರನೇ ನಂಬರಿನ ನೋಯಲ್ ಪಾರ್ಕಿನ್ ಹಿಂದಿನ ವರ್ಷ ಬಾಗಿಲ ಪಕ್ಕ ಬೀಗದ ಕೈ ಇಡುವ ಪುಟ್ಟ ಪೆಟ್ಟಿಗೆಯೊಂದನ್ನು ತಿರುಪಿನಿಂದ ಬಿಗಿದು, ರಜೆಗೆ ಬರುವ ಪಟ್ಟಣದವರಿಗೆ ವಾರದ ಲೆಕ್ಕದಲ್ಲಿ ಮನೆ ಕೊಡತೊಡಗಿದಾಗ, ಕೌನ್ಸಿಲ್ಲಿಗೆ ಎರಡು ಪುಟ ಬರೆದದ್ದೂ ಬೆರಿಲ್ಲೇ. ಕೌನ್ಸಿಲ್ ಅದನ್ನು ಆಗಸ್ಟ್‌ನಲ್ಲಿ ನಿಲ್ಲಿಸಿತು.

ಈಗ ಅವಳ ಮನೆಯೇ ಆರು ತಿಂಗಳು ಖಾಲಿ ಬೀಳುವುದಿತ್ತು. ಮೂವತ್ತು ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ವಿಮೆ ಅನ್ವಯಿಸದು ಎಂದು ವಿಮೆಯವರು ಹೇಳಿದರು. ಅವಳು ಕೂಡಲೇ ಬಾಡಿಗೆದಾರರನ್ನು ಹುಡುಕಿದಳು. ಮ್ಯಾಂಚೆಸ್ಟರಿನ ಗಂಡ ಹೆಂಡತಿ ಒಂದು ಶನಿವಾರ ಬಂದು ನೋಡಿ, ಒಪ್ಪಿ, ಕೈ ಕುಲುಕಿ ಹೋದರು. ಸೋಮವಾರ ಬೆಳಿಗ್ಗೆ ಊರಿನ ಅಂಗಡಿಯಲ್ಲಿ ನೋಯಲ್ ಎದುರಾದ.

"ಮ್ಯಾಂಚೆಸ್ಟರಿನವರಂತೆ?"

"ಹೂಂ. ಇಬ್ರೂ ಸ್ಕೂಲಲ್ಲಿ ಪಾಠ ಮಾಡ್ತಿದ್ದೋರು. ಎಷ್ಟು ಒಳ್ಳೆ ಜನ ಗೊತ್ತಾ! ಬೂಟು ಹೊರಗೇ ಬಿಚ್ಚಿ ಒಳಗೆ ಬಂದ್ರು."

"ಬೂಟು ಬಿಚ್ಚಿದ್ರೆ ಕೌನ್ಸಿಲ್ ಒಪ್ಪತ್ತಾ?"

"ಕೌನ್ಸಿಲ್‌ಗೂ ಇದಕ್ಕೂ ಏನೋ ಸಂಬಂಧ? ಮನೆ ನಂದು."

"ನನ್ನ ಮನೇನೂ ನಂದೇ ಆಗಿತ್ತು, ಬೆರಿಲ್. ಹೋದ ಆಗಸ್ಟ್‌ವರೆಗೂ."

"ಅದು ಬೇರೆ. ನೀನು ವಾರಕ್ಕೊಂದು ಗುಂಪು ಇಳಿಸ್ತಿದ್ದೆ. ಇವರು ಆರು ತಿಂಗಳು ಸಂಸಾರ ಮಾಡೋರು."

"ಕ್ರಯಪತ್ರ ತೆಗೆದು ಓದು ಮಾರಾಯ್ತಿ. ಓದೋದು ಬರೆಯೋದು ನಿಂಗೆ ನಾನು ಹೇಳ್ಕೊಡಬೇಕಾ? ನನ್ನ ಮೇಲೆ ಎರಡು ಪುಟ ಬರೆದವಳು!"

ಬೆರಿಲ್ ಮನೆಗೆ ಬಂದು ಬಿಸ್ಕತ್ತಿನ ಡಬ್ಬದಿಂದ ಕ್ರಯಪತ್ರ ತೆಗೆದಳು. ನಾಲ್ಕನೇ ಪುಟದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಕೌನ್ಸಿಲ್ಲಿನ ಲಿಖಿತ ಅನುಮತಿ ಇಲ್ಲದೆ ಮನೆಯನ್ನು ಯಾರಿಗೂ ಬಾಡಿಗೆಗಾಗಲಿ ಪುಕ್ಕಟೆ ವಾಸಕ್ಕಾಗಲಿ ಕೊಡುವಂತಿಲ್ಲ. ಬಂದು ಇರುವವರು ಅದಕ್ಕೆ ಹಿಂದಿನ ಮೂರು ವರ್ಷ ಪೂರ್ತಿ ಈ ಗುಡ್ಡದ ಸೀಮೆಯಲ್ಲೇ ವಾಸವಿದ್ದವರು ಅಥವಾ ಕೆಲಸ ಮಾಡಿದವರು ಆಗಿರಬೇಕು. ರಜೆಯವರು, ಸಂಸಾರಸ್ಥರು ಎಂಬ ಭೇದವೇ ಅಲ್ಲಿರಲಿಲ್ಲ. ಮೂವತ್ತು ವರ್ಷದ ಹಿಂದೆ ಅವಳೇ ಸಹಿ ಹಾಕಿದ್ದಳು. ನೋಯಲ್‌ನ ಮೇಲೆ ಬರೆಯುವಾಗ ಇದೇ ನಿಯಮದ ಹೆಸರು ಹೇಳಿದ್ದಳು, ಆದರೆ ತೆರೆದು ಓದಿರಲಿಲ್ಲ.

ಅವತ್ತೇ ಮ್ಯಾಂಚೆಸ್ಟರಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು. ಆಮೇಲೆ ಕೌನ್ಸಿಲ್ಲಿಗೆ. ಮನೆಗಳ ವಿಭಾಗದ ಕ್ಲೆಮೆಂಟ್ ರಡ್ ಎಂಬ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದ. ತಕ್ಕ ವ್ಯಕ್ತಿ ಸಿಕ್ಕರೆ ಮಾರ್ಚ್ ಇಪ್ಪತ್ತಾರನೇ ತಾರೀಖು, ಮಂಗಳವಾರ, ತಾನೇ ಸ್ಕೆಲ್‌ಬೆಕ್‌ಗೆ ಬಂದು ಪುರಾವೆ ನೋಡಿ ಅಲ್ಲೇ ತೀರ್ಮಾನ ಹೇಳುವುದಾಗಿ ಒಪ್ಪಿಕೊಂಡ. ಅದೇ ಮಂಗಳವಾರ ಸಂಜೆಯೊಳಗೆ ಬೆರಿಲ್ ದ್ವೀಪಕ್ಕೆ ಬರುತ್ತೇನೆ ಎಂದು ಖಚಿತ ಹೇಳಬೇಕಿತ್ತು. ಇಲ್ಲವಾದರೆ ಪಟ್ಟಿಯಲ್ಲಿ ಎರಡನೆಯವನಾಗಿದ್ದ ಅಬರ್ಡೀನಿನ ಒಬ್ಬನಿಗೆ ಆ ಕೆಲಸ.

ಉಳಿದದ್ದು ಹದಿನೈದು ದಿನ. ಇಲ್ಲಿಯವರೇ ಆದ ಬಾಡಿಗೆದಾರರು ಸಿಗುವುದೆಲ್ಲಿ? ಇಲ್ಲಿಯವರಿಗೆ ಮನೆಯಿದೆ, ಮನೆಯಿಲ್ಲದವರು ಊರು ಬಿಟ್ಟಾಗಿದೆ. ಬೆರಿಲ್ ತನಗೆ ಗೊತ್ತಿದ್ದ ರೀತಿಯಲ್ಲೇ ಹುಡುಕಿದಳು. ಅಡುಗೆಮನೆಯ ಮೇಜಿನ ಮುಂದೆ ಕಣ್ಣು ಮುಚ್ಚಿ ಕುಳಿತು, ನಲವತ್ತೊಂದು ಬಾಗಿಲುಗಳ ಸುತ್ತನ್ನು ಒಂದೊಂದಾಗಿ ನಡೆದಳು. ಬಾಗಿಲುಗಳೆಲ್ಲ ಮುಗಿದ ಮೇಲೆ ನೆನಪಾದದ್ದು ಬಾಗಿಲೇ ಇಲ್ಲದ ಒಂದು ವಿಳಾಸ: 'ಕ್ಯಾರಿಸ್ ಪ್ರಾಥೆರೋ, ನೀಲಿ ವ್ಯಾನು, ಸ್ಕೆಲ್‌ಬೆಕ್ ಹತ್ತಿರ ಎಲ್ಲೋ.' ವೇಲ್ಸಿನಿಂದ ಅವಳಮ್ಮ ಹೀಗೆ ಬರೆದು ಕಳಿಸುತ್ತಿದ್ದಳು. ಬೆರಿಲ್ ಒಂದು ಕಾಗದವನ್ನೂ ತಪ್ಪಿಸದೆ ಮುಟ್ಟಿಸಿದ್ದಳು.

ಕ್ಯಾರಿಸ್‌ಗೆ ಇಪ್ಪತ್ತೊಂಬತ್ತು ವರ್ಷ. ಗುಡ್ಡಗಳ ಮೇಲೆ ಕುರಿಗಳಿಗೆ ಎಲ್ಲೆ ಕಟ್ಟುವ, ಗಾರೆಯಿಲ್ಲದ ಕಲ್ಲಿನ ಗೋಡೆಗಳನ್ನು ಕಟ್ಟುವುದು, ಕುಸಿದಲ್ಲಿ ಎತ್ತಿ ನಿಲ್ಲಿಸುವುದು ಅವಳ ಕಸುಬು. ಯಾರ ಗೋಡೆ ಕಟ್ಟುತ್ತಾಳೋ ಅವರ ಹೊಲದಂಚಿನಲ್ಲಿ ವ್ಯಾನು ನಿಲ್ಲಿಸಿ ಅದರಲ್ಲೇ ಇರುತ್ತಿದ್ದಳು. ಬುಧವಾರ ಬೆರಿಲ್ ಚೀಲ ಹೊತ್ತುಕೊಂಡೇ ಗುಡ್ಡ ಹತ್ತಿ ಅವಳಿದ್ದಲ್ಲಿಗೆ ಹೋದಳು.

"ಕ್ಯಾರಿಸ್, ನೀನು ಈ ಕಡೆ ಬಂದು ಎಷ್ಟು ವರ್ಷ ಆಯ್ತೇ?"

"ಯಾಕೆ, ಓಡಿಸ್ತಿದೀರಾ?"

"ತರಲೆ ಮಾಡದೆ ಲೆಕ್ಕ ಹಾಕು."

"ಕುರಿ ಈಯೋ ಹೊತ್ತಿಗೆ ನಾಲ್ಕು ತುಂಬತ್ತೆ."

"ಆರು ತಿಂಗಳು ನನ್ನ ಮನೇಲಿ ಇರ್ತೀಯಾ?"

ಕ್ಯಾರಿಸ್ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು. "ಬಿಸಿನೀರು ಬರತ್ತಾ?"

"ಬರತ್ತೆ."

"ಸ್ನಾನಕ್ಕೆ ತೊಟ್ಟಿ?"

"ಇದೆ. ಕಾಲು ಚಾಚಿ ಮಲಗಬಹುದು."

"ನೋಡಿ ಬೆರಿಲ್, ನಾಲ್ಕು ವರ್ಷದಿಂದ ಬಕೆಟ್ಟಲ್ಲಿ ಸ್ನಾನ ಮಾಡ್ತಿದೀನಿ. ಇದು ತಮಾಷೆ ಆಗಿದ್ರೆ ಈ ಕಲ್ಲು ನಿಮ್ಮ ಪಾದದ ಮೇಲೇ ಬೀಳತ್ತೆ."

ತಮಾಷೆಯಲ್ಲ ಎಂದು ಖಾತ್ರಿಯಾದಾಗ ಕ್ಯಾರಿಸ್ ಬೆರಿಲ್‌ಳನ್ನು ಚೀಲದ ಸಮೇತ ಎತ್ತಿ ಒಂದು ಸುತ್ತು ತಿರುಗಿಸಿದಳಂತೆ. ಕಲ್ಲು ಎತ್ತಿ ಬಲಿತ ತೋಳು.

ಆದರೆ ರಡ್ ಕೇಳಿದ ಪುರಾವೆ ಸುಲಭದ್ದಾಗಿರಲಿಲ್ಲ. ವ್ಯಾನಿಗೆ ವಿಳಾಸವಿಲ್ಲ, ಹಾಗಾಗಿ ವಾಸದ ದಾರಿ ಮುಚ್ಚಿತ್ತು. ಕೆಲಸದ ದಾರಿಯಲ್ಲಿ ಹೋಗೋಣವೆಂದರೆ, ಗುಡ್ಡದ ರೈತರಿಗೂ ಕ್ಯಾರಿಸ್‌ಗೂ ನಡುವೆ ಇದ್ದದ್ದೆಲ್ಲ ಬಾಯಿಮಾತು. ರೈತರಿಂದ ಈಗ ಒಂದೊಂದು ಪತ್ರ ಬರೆಸಿ ತರುತ್ತೇನೆ ಎಂದಳು ಬೆರಿಲ್.

"ಈಗ ಬರೆಸಿದ್ದು ಬರೀ ನೆನಪು, ಮಿಸ್ ಬರ್ಕೆಟ್. ಕೆಲಸ ನಡೆದಾಗಲೇ ಬಿದ್ದ ಗುರುತು ಏನಾದ್ರೂ ಬೇಕು. ಮೂರು ವರ್ಷನ ಆರು ತಿಂಗಳಿನ ಆರು ತುಂಡು ಮಾಡಿ. ಪ್ರತಿ ತುಂಡಿಗೆ ಒಂದು ಗುರುತು, ಅದರ ಜೊತೆ ಒಬ್ಬರ ಸಾಕ್ಷಿ. ಆರರಲ್ಲಿ ಒಂದು ಕಮ್ಮಿಯಾದ್ರೂ ನನ್ನ ಕೈ ಕಟ್ಟಿ ಹಾಕಿದ ಹಾಗೇ."

ನೆನಪಿನ ಬಗ್ಗೆ ಅವನು ಹೇಳಿದ್ದು ಸರಿಯಾಗಿತ್ತು. ನಮ್ಮ ಬೀದಿಯ ಹಿಂದಿನ ಹೊಲದ ಯಜಮಾನ ವಿಲ್ಫ್ ಥೆಕ್‌ಸ್ಟನ್‌ನನ್ನು, ಅವನ ಗೋಡೆ ಕ್ಯಾರಿಸ್ ಕಟ್ಟಿದ್ದು ಯಾವಾಗ ಎಂದು ಕೇಳಿದರೆ, "ಆ ದೊಡ್ಡ ಟಗರು ಸತ್ತ ವರ್ಷ" ಎಂದ. ಟಗರು ಸತ್ತದ್ದು ಯಾವಾಗ ಎಂದರೆ, "ಗೋಡೆ ಕಟ್ಟಿಸಿದ್ನಲ್ಲ, ಅದೇ ವರ್ಷ" ಎಂದ.

ದಾರಿ ತೋರಿಸಿದ್ದು ಕ್ಯಾರಿಸ್‌ಳೇ. ಇಂಥ ಗೋಡೆಯ ಮೈ ಕಟ್ಟಿ ಮುಗಿದ ಮೇಲೆ ನೆತ್ತಿಯ ಉದ್ದಕ್ಕೂ ಕಲ್ಲುಗಳನ್ನು ಪುಸ್ತಕ ಜೋಡಿಸಿದಂತೆ ಸಾಲಾಗಿ ನಿಲ್ಲಿಸುತ್ತಾರೆ. ಅವನ್ನು ನೆತ್ತಿಗಲ್ಲು ಎನ್ನೋಣ. ಕೊನೆಯ ನೆತ್ತಿಗಲ್ಲನ್ನು ನಿಲ್ಲಿಸುವ ಮೊದಲು ಅದರ ಅಡಿಯಲ್ಲಿ ತನ್ನ ಹೆಸರಿನ ಎರಡಕ್ಷರ, ತಿಂಗಳು, ವರ್ಷ ಕೆತ್ತುವುದು ಕ್ಯಾರಿಸ್‌ಗೆ ಕೆಲಸ ಕಲಿಸಿದ ಮುದುಕ ಹಾಕಿಕೊಟ್ಟ ಅಭ್ಯಾಸ. ಯಾರೂ ನೋಡಲೆಂದಲ್ಲ. ಮುಂದೆ ಎಂದಾದರೂ ಗೋಡೆ ಕುಸಿದಾಗ ಎತ್ತಿ ಕಟ್ಟುವವರಿಗೆ, ಇದು ಎಷ್ಟು ವರ್ಷ ನಿಂತಿತು ಎಂದು ತಿಳಿಯಲೆಂದು.

ಬೆರಿಲ್ ಎದ್ದು ನಿಂತಳು. "ಅಂದ್ರೆ ಇಡೀ ಗುಡ್ಡದ ಮೇಲೆಲ್ಲ ನಿನ್ನ ತಾರೀಖು ಬಿದ್ದಿದಾವಾ? ಇಷ್ಟು ಹೊತ್ತು ಸುಮ್ಮನೆ ಟೀ ಕುಡೀತಾ ಕೂತಿದ್ಯಲ್ಲೇ!"

ಹಾಗೆ ಶುರುವಾಯಿತು ನಮ್ಮ ಬೇಟೆ. ಬೆರಿಲ್ ನಿವೃತ್ತಳಾಗಿದ್ದಳು, ದಿನವಿಡೀ ಅವಳದೇ. ವಿಲ್ಫ್ ತನ್ನ ನಾಲ್ಕು ಚಕ್ರದ ಗಾಡಿ ಕೊಟ್ಟ. ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಕಲ್ಲಿನ ಪಕ್ಕ ಅಳತೆಪಟ್ಟಿ ಇಟ್ಟು, ಗೋಡೆಯ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದೆ. ಕ್ಯಾರಿಸ್ ಗೋಡೆಯ ಕೊನೆಯಲ್ಲಿ ಕಾಲೂರಿ ನಿಂತು, ಕಲ್ಲನ್ನು ಎರಡೂ ಕೈಯಿಂದ ಹಿಡಿದು, ಅಕ್ಕಪಕ್ಕದ್ದು ಅಲುಗದ ಹಾಗೆ ಮೇಲೆತ್ತುವಳು. ಬೆರಿಲ್ ಕತ್ತು ಸೊಟ್ಟ ಮಾಡಿ ಅದರ ಅಡಿಗೆ ಇಣುಕುವಳು.

"ಇದೆ! ಒಂಬತ್ತು, ಹದಿನಾರು!" ಎಂದು ಅವಳು ಮೊದಲ ಸಲ ಕೂಗಿದಾಗ ಆ ಹೊಲದ ಕುರಿಗಳೆಲ್ಲ ಆಚೆ ಮೂಲೆಗೆ ಓಡಿದವು. ೨೦೧೬ರ ಸೆಪ್ಟೆಂಬರ್. ಅಕ್ಷರಗಳ ಗೀರಿನಲ್ಲಿ ಪಾಚಿ ಕೂಡ ಬೆಳೆದಿತ್ತು, ನಿನ್ನೆ ಮೊನ್ನೆ ಕೆತ್ತಿದ್ದಲ್ಲ ಎಂದು ಯಾರಿಗಾದರೂ ಗೊತ್ತಾಗುವಂತೆ.

ಎರಡನೆಯದು ಹೊಳೆಯಂಚಿನಲ್ಲಿ ಸಿಕ್ಕಿತು, ೨೦೧೭ರ ಜನವರಿ. ಮೂರನೆಯದು ಅದೇ ವರ್ಷದ ಜೂನ್. ಮಳೆ ಬಂತು, ಆಲಿಕಲ್ಲು ಬಂತು. ಗಾಡಿ ಒಮ್ಮೆ ಕೆಸರಿನಲ್ಲಿ ಹೂತು ಮೂವರೂ ತಳ್ಳಿದೆವು. ಬೆರಿಲ್‌ಗೆ ಎಂದೂ ಇಲ್ಲದ ಹುರುಪು. ಸಾಕ್ಷಿಯ ಸಹಿ ಹಾಕುವ ಪ್ರತಿ ರೈತನಿಗೂ ದ್ವೀಪದ ಎಂಟು ಸೀಟಿನ ವಿಮಾನದ ಕಥೆ ಮೊದಲಿಂದ ಹೇಳುವಳು. ಇಪ್ಪತ್ತೈದನೇ ತಾರೀಖು ಸೋಮವಾರ ಮಧ್ಯಾಹ್ನದ ಹೊತ್ತಿಗೆ ಐದು ತುಂಡುಗಳಿಗೆ ಐದು ಗುರುತು ಸಿಕ್ಕಿದ್ದವು.

ಉಳಿದದ್ದು ನಾಲ್ಕನೆಯ ತುಂಡು, ೨೦೧೭ರ ಅಕ್ಟೋಬರಿನಿಂದ ೨೦೧೮ರ ಮಾರ್ಚ್‌ವರೆಗೆ. ಆ ಚಳಿಗಾಲ ಕ್ಯಾರಿಸ್ ಮಣಿಕಟ್ಟು ಮುರಿದುಕೊಂಡಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಮುಗಿಸಿದ್ದು ಒಂದೇ ಗೋಡೆ, ನಮ್ಮ ಬೀದಿಯ ಹಿತ್ತಿಲಿಗೇ ತಾಗಿದ ವಿಲ್ಫ್‌ನ ಗೋಡೆ. ಅತಿ ಹತ್ತಿರದ್ದು, ಅತಿ ಸುಲಭದ್ದು ಎಂದು ಕೊನೆಗೆ ಇಟ್ಟುಕೊಂಡಿದ್ದೆವು.

ಗೋಡೆಯ ತುದಿಗೆ ಬಂದ ಕ್ಯಾರಿಸ್ ಕಲ್ಲಿಗೆ ಕೈ ಹಾಕಲೇ ಇಲ್ಲ. "ಇದು ನನ್ನ ಕಲ್ಲಲ್ಲ."

"ಅಲ್ಲ, ಅದು ನಾನು ತುರುಕಿದ್ದು" ಎಂದ ವಿಲ್ಫ್. "ಹೋದ ವರ್ಷ ಆ ದೊಡ್ಡ ಹಿಮ ಕರಗಿದ ಮೇಲೆ ನೋಡ್ತೀನಿ, ತುದೀಲಿದ್ದ ಕಲ್ಲೇ ಇಲ್ಲ. ನೋಯಲ್ ಮನೆಗೆ ಬರ್ತಿದ್ರಲ್ಲ ರಜೆ ಗಿರಾಕಿಗಳು, ಅವರೇ ಹೊತ್ಕೊಂಡು ಹೋಗಿರೋದು. ಯಾಕೆ, ಬೆರಿಲ್ಲೇ ಹಾಗಂದಿದ್ಲಲ್ಲ."

ಬೆರಿಲ್ ಬೂಟಿನ ದಾರ ಬಿಗಿಯಲು ಬಗ್ಗಿದಳು.

"ಎಂಥಾ ಕಲ್ಲು ಗೊತ್ತಾ ಅದು!" ಕ್ಯಾರಿಸ್‌ಗೆ ಅಳುವೇ ಬಂದಿತ್ತು. "ಒಂದು ಮಗ್ಗುಲು ತಟ್ಟೆ ಥರ ಚಪ್ಪಟೆ, ತಲೆ ಗುಂಡಗೆ. ಗೋಡೆ ತುದಿಗೆ ಅಂತಲೇ ಆರಿಸಿ ಇಟ್ಟಿದ್ದೆ."

"ಕದ್ದವನ ಕೈ ಸೇದಿಹೋಗ" ಎಂದ ವಿಲ್ಫ್. "ಗೋಡೆಯಿಂದ ಕಲ್ಲು ತಗೊಳ್ಳೋದೂ ಒಂದೇ, ಹಿಂಡಿಂದ ಕುರಿ ತಗೊಳ್ಳೋದೂ ಒಂದೇ."

ಬೆರಿಲ್ ಟೀ ಇಡುತ್ತೇನೆಂದು ಒಳಗೆ ಹೋದವಳು ಬರಲೇ ಇಲ್ಲ. ನಾವು ತಣ್ಣಗೆ ಅಲ್ಲಿಂದ ಚದುರಿದೆವು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕಿಟಕಿಯಿಂದ ನೋಡಿದರೆ ಅವಳು ಗೇಟಿನ ಹತ್ತಿರ ನಿಂತಿದ್ದಳು. ಒಂದು ಕೈಯಲ್ಲಿ ಸನಿಕೆ, ಇನ್ನೊಂದರಲ್ಲಿ ಬಣ್ಣ ತೆಗೆಯುವ ಎಣ್ಣೆಯ ಡಬ್ಬಿ. ತುಂಬಾ ಹೊತ್ತು ತನ್ನ ಬಿಳಿ ಕಲ್ಲನ್ನೇ ನೋಡಿದಳು. ಕೊನೆಗೆ ಡಬ್ಬಿಯ ಮುಚ್ಚಳ ಬಿಗಿದು ಒಳಗೆ ಇಟ್ಟು ಬಂದಳು. ಸನಿಕೆ ಗೇಟಿಗೆ ಒರಗಿಯೇ ಇತ್ತು. ನನಗೆ ಆಗಲೂ ಹೊಳೆಯಲಿಲ್ಲ.

ಹತ್ತು ಗಂಟೆಗೆ ಕ್ಲೆಮೆಂಟ್ ರಡ್ ಬಂದ. ತೆಳ್ಳಗಿನ, ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ಮನುಷ್ಯ. ವಿಲ್ಫ್ ಬಂದಿದ್ದ, ಕ್ಯಾರಿಸ್ ತೊಳೆದ ಅಂಗಿ ತೊಟ್ಟು ಬಂದಿದ್ದಳು. ನೋಯಲ್‌ನನ್ನು ಯಾರೂ ಕರೆದಿರಲಿಲ್ಲ, ಆದರೂ ತನ್ನ ಬೇಲಿ ಕತ್ತರಿಸುವ ಕೆಲಸ ಅವನಿಗೆ ಅದೇ ಹೊತ್ತಿಗೆ ನೆನಪಾಗಿತ್ತು. ರಡ್ ಗೇಟಿನ ಮುಂದೆ ನಿಂತೇ ಐದು ಫೋಟೊಗಳನ್ನೂ ಐದು ಸಹಿಗಳನ್ನೂ ಒಂದೊಂದಾಗಿ ನೋಡಿದ. ಅವನ ಮುಖದಲ್ಲಿ ನಿಧಾನಕ್ಕೆ ಖುಷಿ ಏರಿತು.

"ಇಪ್ಪತ್ತು ವರ್ಷದಲ್ಲಿ ಇಂಥ ದಾಖಲೆ ನೋಡಿಲ್ಲ. ಆದರೆ ಐದೇ ಇವೆ, ಮಿಸ್ ಬರ್ಕೆಟ್."

"ಆರನೇದು ಇಲ್ಲೇ ಇದೆ" ಎಂದಳು ಬೆರಿಲ್.

ಸನಿಕೆ ತೆಗೆದುಕೊಂಡು, ಗೇಟಿನ ಬುಡದ ಬಿಳಿ ಕಲ್ಲಿನ ಸುತ್ತ ಮಣ್ಣು ಬಿಡಿಸಿದಳು. ಒದ್ದಾಡಿ ಅದನ್ನು ಹೊರಳಿಸಿದಳು. ಒದ್ದೆ ಮಣ್ಣನ್ನು ತನ್ನ ತೋಳಿನಿಂದಲೇ ಒರೆಸಿದಳು. ಕ್ಯಾರಿಸ್‌ಳ ಎರಡಕ್ಷರ, ಪಕ್ಕದಲ್ಲಿ ೨, ೧೮. ೨೦೧೮ರ ಫೆಬ್ರವರಿ.

ಬೆರಿಲ್ ಸನಿಕೆಯನ್ನು ಗೇಟಿಗೆ ಒರಗಿಸಿ ವಿಲ್ಫ್ ಕಡೆ ತಿರುಗಿದಳು.

"ಹಿಮ ಕರಗಿದಾಗ ಗೋಡೆ ಬುಡದಲ್ಲಿ ಬಿದ್ದಿತ್ತು, ವಿಲ್ಫ್. ಬಿದ್ದಿತ್ತು ಅಂತ ನನಗೆ ನಾನೇ ಹೇಳ್ಕೊಂಡೆ. ಬಿದ್ದಿದ್ರೆ ಎತ್ತಿ ಗೋಡೆ ಮೇಲೆ ಇಡಬೇಕಿತ್ತು, ಅದೂ ಗೊತ್ತಿತ್ತು. ನಂಬರ್ ಬರೆಯೋಕೆ ಎಷ್ಟು ಚೆನ್ನಾಗಿ ಚಪ್ಪಟೆಯಾಗಿತ್ತು ಅಂದ್ರೆ... ತಂದೆ. ಅಡಿ ತಿರುಗಿಸಿ ನೋಡ್ಲೂ ಇಲ್ಲ."

"ಇದರ ಮೇಲೆ ನಾನು ಬೂಟು ಕೆರೆದಿದೀನಿ!" ಎಂದ ವಿಲ್ಫ್. "ಒಂದು ವರ್ಷ! ನನ್ನ ಕಲ್ಲಿನ ಮೇಲೇ ಬೂಟಿನ ಕೆಸರು ಕೆರೆದು, ನಿನ್ನ ಮನೇಲಿ ಟೀ ಕುಡಿದು, ಕಳ್ಳರಿಗೆ ಶಾಪ ಹಾಕಿದೀನಿ! ನೀನು ಹೂಂಗುಟ್ಟಿದೀಯ!"

"ಹೂಂಗುಟ್ಟಿದೀನಿ" ಎಂದಳು ಬೆರಿಲ್.

ರಡ್ ಕೆಮ್ಮಿದ. ಕಡತದಿಂದ ಎರಡು ಪುಟದ ಕಾಗದವೊಂದನ್ನು ತೆಗೆದು ಕನ್ನಡಕ ಏರಿಸಿದ. "ಇಲ್ಲಿ ನಿಮ್ಮದೇ ಒಂದು ದೂರು ಇದೆ, ಹೋದ ವರ್ಷ ಜುಲೈದು. ಎರಡನೇ ಪುಟದಲ್ಲಿ, 'ಮೂರನೇ ನಂಬರಿಗೆ ಬರುವ ರಜೆಯವರು ಗೋಡೆಯ ಕಲ್ಲುಗಳನ್ನೂ ಬಿಡುತ್ತಿಲ್ಲ' ಅಂತ..."

ಬೇಲಿ ಕತ್ತರಿಯ ಸದ್ದು ನಿಂತಿತು. ನೋಯಲ್ ಬೇಲಿ ದಾಟಿಯೇ ಬಂದ.

"ಇನ್ನೊಂದ್ಸಲ ಓದ್ತೀರಾ ಸಾರ್? ಸ್ವಲ್ಪ ಗಟ್ಟಿಯಾಗಿ?"

ರಡ್ ಓದಲಿಲ್ಲ. ಬೆರಿಲ್‌ಳ ಮುಖ ಕೆಂಪಾಗಿತ್ತು, ಆದರೆ ದನಿ ಟಪಾಲು ಹಂಚುವಾಗಿನದೇ. "ಅದು ಸುಳ್ಳು, ನೋಯಲ್. ಆ ಸಾಲು ನಾನು ವಾಪಸ್ ತಗೋತೀನಿ. ಬಾಕಿ ಎರಡು ಪುಟ ವಾಪಸ್ ತಗೊಳ್ಳಲ್ಲ."

"ಬಾಯಲ್ಲಿ ಅಂದ್ರೆ ಸಾಲದು. ಬರೆದು ಕೊಡು. ಸ್ಟಾಂಪು ಹಚ್ಚಿ, ನೀನೇ ನನ್ನ ಬಾಗಿಲ ಕಿಂಡೀಲಿ ಹಾಕು. ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕ್ತೀನಿ."

"ಆಯ್ತು, ಹಾಕ್ತೀನಿ."

ಈಗ ಎಲ್ಲರೂ ರಡ್‌ನ ಕಡೆ ತಿರುಗಿದೆವು. ಅವನು ಮಂಡಿಯೂರಿ ಕಲ್ಲಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, ನನ್ನ ಐದು ಫೋಟೊಗಳಲ್ಲಿನ ಅಕ್ಷರಗಳ ಜೊತೆ ಹೋಲಿಸಿದ. ಎಲ್ಲದರಲ್ಲೂ ಮೊದಲ ಅಕ್ಷರದ ಬಾಲ ಒಂದೇ ಕಡೆ ಬಾಗಿತ್ತು.

"ಗುರುತು ಸರಿಯಿದೆ. ಜೊತೆಗೆ ಒಂದು ಸಾಕ್ಷಿ ಬೇಕು. ಇದು ನಿಮ್ಮ ಗೋಡೆಯದ್ದೇ ಕಲ್ಲಾ, ಮಿಸ್ಟರ್ ಥೆಕ್‌ಸ್ಟನ್?"

ವಿಲ್ಫ್ ಟೊಪ್ಪಿಗೆ ತೆಗೆದ, ಮತ್ತೆ ಹಾಕಿಕೊಂಡ. ಬೆರಿಲ್ ಅವನನ್ನು ನೋಡಲಿಲ್ಲ, ನೆಲದಲ್ಲಿ ಉಳಿದಿದ್ದ ಗುಂಡಿಯನ್ನು ನೋಡುತ್ತಿದ್ದಳು. ಅವಳ ಆರು ತಿಂಗಳ ಸಮುದ್ರ, ಎಂಟು ಸೀಟಿನ ವಿಮಾನ ಎಲ್ಲ ಆ ಮುದುಕನ ಒಂದು ಸಹಿಯಲ್ಲಿತ್ತು.

"ನಂದೇ. ಆದ್ರೆ ಒಂದು ಷರತ್ತು. ಅದು ನನ್ನ ಗೋಡೆಗೆ ವಾಪಸ್ ಹೋಗಬೇಕು, ಇದ್ದ ಹಾಗೇ. ಬಣ್ಣ ತೆಗೀಬಾರದು. ಆ ಆರು ಇದೆಯಲ್ಲ, ಅದು ಜನ ಓಡಾಡೋ ದಾರಿ ಕಡೆಗೇ ಮುಖ ಮಾಡಿರಬೇಕು."

"ಎಲ್ಲರೂ ನೋಡೋ ಹಾಗಾ, ವಿಲ್ಫ್?"

"ನಾನು ಸತ್ತ ಮೇಲೂ ನೋಡ್ಲಿ. ಎಲ್ಲಿ, ಪೆನ್ನು ಕೊಡಿ."

ಅವನು ಸಹಿ ಹಾಕಿದ. ರಡ್ ಕಡತ ಮುಚ್ಚಿದ. "ಅನುಮತಿ ಪತ್ರ ಗುರುವಾರದ ಟಪಾಲಿಗೆ ಬರತ್ತೆ. ಈಗ ನಿಮ್ಮ ದ್ವೀಪಕ್ಕೆ ಫೋನ್ ಮಾಡಬಹುದು." ಅವನ ಮಾತು ಮುಗಿಯುವ ಮೊದಲೇ ಕ್ಯಾರಿಸ್ ಬೆರಿಲ್‌ಳನ್ನು ಎತ್ತಿ ತಿರುಗಿಸುತ್ತಿದ್ದಳು. ಈ ಸಲ ಬೆರಿಲ್ ಕಿರುಚಿದ್ದು ಎಂಟನೇ ನಂಬರಿನವರೆಗೂ ಕೇಳಿತು.

ಗುರುವಾರ ಹೊಸ ಟಪಾಲಿನವನು ಬಂದಾಗ ಅವಳು ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದಳು. ಕೌನ್ಸಿಲ್ಲಿನ ಮುದ್ರೆಯ ಲಕೋಟೆಯನ್ನು ಅವನು ಕೈಗೆ ಕೊಡಲು ಹೋದ. ಬೆರಿಲ್ ಕೈ ಹಿಂದಕ್ಕೆ ಎಳೆದುಕೊಂಡ ವೇಗಕ್ಕೆ ಬೆಚ್ಚಿಬಿದ್ದ.

"ಕಿಂಡೀಲಿ ಹಾಕಪ್ಪಾ" ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಲಕೋಟೆ ಕಾಲೊರಸಿನ ಮೇಲೆ ಬಿದ್ದ ಸದ್ದಿನ ಹಿಂದೆಯೇ ನಮ್ಮ ಕಪ್ಪುಗಳು ಅಲ್ಲಾಡಿದವು.

ಅವತ್ತು ಮಧ್ಯಾಹ್ನ ನೋಯಲ್‌ನ ಕಿಂಡಿಯಲ್ಲಿ ಸ್ಟಾಂಪು ಹಚ್ಚಿದ ಕಾಗದವೊಂದು ಬಿತ್ತು. ಮೂವತ್ತನಾಲ್ಕು ವರ್ಷದಲ್ಲಿ ತಾನೇ ಬರೆದು ತಾನೇ ಹಂಚಿದ ಕಾಗದ ಅದೊಂದೇ ಎಂದಳು ಬೆರಿಲ್.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಬಸ್ಸಿಗೆ ಮುಕ್ಕಾಲು ಗಂಟೆ ಇರುವಾಗ, ನಾವೆಲ್ಲ ಹಿತ್ತಿಲಿನ ಗೋಡೆಯ ತುದಿಯಲ್ಲಿ ಸೇರಿದೆವು. ಕ್ಯಾರಿಸ್ ವಿಲ್ಫ್ ತುರುಕಿದ್ದ ಕಲ್ಲನ್ನು ತೆಗೆದು ಜಾಗ ಮಾಡಿದಳು. ಕಲ್ಲನ್ನು ಕೂರಿಸುವ ಕೆಲಸ ಬೆರಿಲ್‌ಳೇ ಮಾಡಬೇಕೆಂದಳು. ಹೊಸ ಮಳೆಕೋಟು ತೊಟ್ಟ ಬೆರಿಲ್ ಅದನ್ನು ಎದೆಗವಚಿಕೊಂಡು ಎತ್ತಿ, ಇಟ್ಟು, ಅಂಗೈಯಿಂದ ಒತ್ತಿದಳು.

"ಅಲ್ಲಾಡ್ತಿದೆಯೇನೇ?"

"ಇಲ್ಲ. ಸರಿಯಾಗಿ ಕೂತಿದೆ" ಎಂದಳು ಕ್ಯಾರಿಸ್.

ಬೂದು ಕಲ್ಲುಗಳ ಸಾಲಿನ ಕೊನೆಯಲ್ಲಿ ಬಿಳಿ ಕಲ್ಲಿನ ಕಪ್ಪು ಆರು ಅರ್ಧ ಮೈಲಿಯಿಂದ ಕಾಣುವಂತಿತ್ತು. ವಿಲ್ಫ್ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ತೃಪ್ತಿಯಿಂದ ಮೂಗು ಒರೆಸಿಕೊಂಡ.

ಮುಂದಿನ ಗೇಟಿಗೆ ಬಂದರೆ ನೋಯಲ್ ಅಲ್ಲಿ ಹಲಗೆಯೊಂದನ್ನು ಬಿಗಿಯುತ್ತಿದ್ದ. ಅದರ ಮೇಲೆ ಸೊಟ್ಟಗೆ ಬರೆದ ೬. ತಿರುಪುಗಳು ಅವನ ಹಳೆಯ ಬೀಗದ ಕೈ ಪೆಟ್ಟಿಗೆಯವು.

"ನಂಬರ್ ಕಾಣದ ಮನೆಗೆ ಟಪಾಲಿಲ್ಲ ಅಂತ ನೀನೇ ಅಲ್ವಾ ಅಂತಿದ್ದಿದ್ದು?" ಎಂದ, ತಿರುಗಿ ನೋಡದೆ.

"ಸೊಟ್ಟಗಿದೆ."

"ಬಸ್ಸು ಬಂತು, ಹೋಗು."

ಬಸ್ಸು ನಿಜಕ್ಕೂ ಬಂದಿತ್ತು. ಬೆರಿಲ್ ಬೀಗದ ಕೈಯನ್ನು ಕ್ಯಾರಿಸ್‌ಳ ಕೈಗೆ ತುರುಕಿ, ಚೀಲ ಹೆಗಲಿಗೇರಿಸಿ ಓಡಿದಳು. ಮೂವತ್ತನಾಲ್ಕು ವರ್ಷ ಅವಳು ಈ ಬೀದಿಯಲ್ಲಿ ನಡೆದದ್ದನ್ನು ನೋಡಿದ್ದೆವು, ಓಡಿದ್ದನ್ನು ನೋಡಿರಲಿಲ್ಲ. ಕಿಟಕಿಯಿಂದ ಎರಡೂ ಕೈ ಬೀಸಿದಳು. ಕೋಟಿನ ಎದೆಯ ಮೇಲೆ ಕಲ್ಲಿನ ಬೂದು ಗುರುತು ಹಾಗೇ ಇತ್ತು.

ನಾವು ಮನೆಗೆ ಬಂದು ಟೀಗೆ ನೀರಿಟ್ಟೆವು. ಬಸ್ಸು ಇನ್ನೂ ಚರ್ಚಿನ ತಿರುವು ದಾಟಿರಲಿಲ್ಲ. ಗೋಡೆಯಾಚೆ ಆಗಲೇ, ಸ್ನಾನದ ತೊಟ್ಟಿಗೆ ಎರಡೂ ನಲ್ಲಿಗಳನ್ನು ಪೂರ್ತಿ ಬಿಟ್ಟ ಸದ್ದು ಕೇಳಿಸುತ್ತಿತ್ತು.